ಸೌಂಡ್ ಇರುವವರೆಗೂ ಅಂಗಡಿ ರೇವಮ್ಮನದು

ಹೊಟ್ಟೆಕಿಚ್ಚು ಅನ್ನುವ ಪದಾರ್ಥ ನನ್ನ ಮೈಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಒಮ್ಮೆ ತುಮಕೂರಿನಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿದ ಡಾಕ್ಟರೇ, "ಗಂಗಣ್ಣ, ಒಳಗೆ ಕಲ್ಲಿದೆ, ಗ್ಯಾಸಿದೆ, ಕಿಚ್ಚು ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ" ಅಂತ ಬೆರಗಾಗಿ ಹೇಳಿದ್ದಾರೆ. ಗುಬ್ಬಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಪಕ್ಕದ ತೋಟದವನ ತೆಂಗು ನನ್ನದಕ್ಕಿಂತ ಎತ್ತರ ಬೆಳೆದರೆ ಅದರ ಬುಡಕ್ಕೆ ಕೈಮುಗಿದು ಬರುವವನು ನಾನು. ಇಂಥ ತಿಳಿಯಾದ ಮನಸ್ಸಿನವನಾದ್ದರಿಂದಲೇ ನಮ್ಮ ಅತ್ತಿಗೆ ರೇವಮ್ಮನ ಕಥೆ ಬರೆಯುವ ಯೋಗ್ಯತೆ ನನ್ನೊಬ್ಬನಿಗೆ ಇರುವುದು. ಬೇರೆಯವರು ಬರೆದರೆ ಆಕೆಯನ್ನು ಹೊಗಳಿಬಿಡುವ ಅಪಾಯವಿದೆ.

ರೇವಮ್ಮ ನನ್ನ ಅಣ್ಣ ಮಹಾದೇವಯ್ಯನ ಹೆಂಡತಿ, ಹುಲಿಯೂರುದುರ್ಗದ ಹೆಣ್ಣು. ನನಗೂ ಆಕೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಹಾಗಾಗಿ ನಮ್ಮಲ್ಲಿ ನೀನು ಅಂತಲೇ ಮಾತು. ದುರ್ಗದ ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಅಭ್ಯಾಸ: ಕೂಗಿದ್ದು ಬೆಟ್ಟಕ್ಕೆ ಬಡಿದು ವಾಪಸು ಬರಬೇಕು. ನಮ್ಮ ಗುಬ್ಬಿ ಬಯಲು ನಾಡು. ಕೂಗಿದ್ದು ಹೋದರೆ ಹೋಯಿತು. ಆಕೆ ಬಂದ ಹೊಸದರಲ್ಲಿ ವಾಪಸು ಬರುವವರೆಗೂ ಕೂಗುತ್ತಿದ್ದಳು. ಸಂಜೆ ಹಿತ್ತಲಲ್ಲಿ ನಿಂತು ಕೋಳಿ ಕರೆದರೆ ನಿಟ್ಟೂರಿನ ಕೋಳಿಗಳೂ ಬಂದು ನಿಲ್ಲುತ್ತಿದ್ದವು. ಬೆಳಿಗ್ಗೆ ಎದ್ದು ಅವನ್ನು ಬುಟ್ಟಿಗೆ ತುಂಬಿ ಅವುಗಳ ಯಜಮಾನರಿಗೆ ತಲುಪಿಸುವುದೇ ನನಗೊಂದು ಕೆಲಸವಾಯಿತು. ಇಂಥ ಗಂಟಲಿನವಳು ಬಂದು ಸೇರಿದ್ದು ಮೈಕ್ ಸೆಟ್ಟಿನ ಮನೆಗೆ. "ಮಹಾದೇವಯ್ಯಂಗೆ ಇನ್ನು ಮೈಕ್ ಯಾಕ್ಲಾ?" ಅಂತ ಊರು ನಕ್ಕಿತು.

ಪೇಟೆಬೀದಿಯ ಒಂದು ಕೋಣೆಯ ಅಂಗಡಿಯಲ್ಲಿ ಅಣ್ಣನೂ ನಾನೂ ಸೇರಿ ಸೆಟ್ ನಡೆಸುತ್ತಿದ್ದೆವು. ಒಂದು ರೆಕಾರ್ಡ್ ಪ್ಲೇಯರ್, ಒಂದು ಆಂಪ್ಲಿಫೈಯರ್, ಕೆಲವು ಹಾರ್ನು, ಗೋಣಿಚೀಲದ ತುಂಬ ವೈರು. ಮದುವೆ, ಗೃಹಪ್ರವೇಶ, ಚುನಾವಣೆ, ಎಲ್ಲದಕ್ಕೂ ನಾವೇ. ಅಣ್ಣ ನಮಗೆ ಕಲಿಸಿದ್ದು ಎರಡೇ ಪಾಠ.

ಮೊದಲನೆಯದು: "ಒದ್ದೆ ಕೈಲಿ ಸೆಟ್ ಮುಟ್ಬ್ಯಾಡ." ಇದನ್ನು ಆತ ಮೈಮೇಲೆ ಕಲಿತಿದ್ದ. ಒಂದು ಮದುವೆಯಲ್ಲಿ ಕೈ ತೊಳೆದು ಬಂದು ಹಾಗೇ ನಾಬ್ ಮುಟ್ಟಿದವನು ಹಾರಿ, ಚಪ್ಪರ ದಾಟಿ, ಹಿಂದಿನ ಬೀದಿಯ ಇನ್ನೊಂದು ಮದುವೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಕೂತ ಸ್ಥಿತಿಯಲ್ಲೇ ಬಿದ್ದಿದ್ದ. ಅವರು ಎಲೆ ಹಾಕಿ ಪಾಯಸ ಬಡಿಸಿಯೂ ಆಗಿತ್ತು.

ಎರಡನೆಯದು: "ಹಾಡು ಬಿದ್ರೆ ಎತ್ತು, ಎದ್ರೆ ಅದುಮು." ವಾಲ್ಯೂಮ್ ನಾಬಿನ ಮೇಲಿಂದ ಕೈ ತೆಗೆಯಬಾರದು. ಹಾಡುವವರ ದನಿ ಸಣ್ಣಗಾದರೆ ತಿರುಗಿಸಿ ಎತ್ತಬೇಕು, ಡೋಲು ಬಂದರೆ ಇಳಿಸಬೇಕು. ಊರಿಗೆಲ್ಲ ಒಂದೇ ಮಟ್ಟದಲ್ಲಿ ಕೇಳಬೇಕು. ಹಾರ್ನಿನ ದನಿ ಒಂದು ಗಳಿಗೆ ಕುಗ್ಗಿದರೂ ಹೆಣ್ಣಿನ ತಂದೆ ಪಂಚೆ ಎತ್ತಿಕೊಂಡು ಓಡಿಬರುತ್ತಾನೆ: "ಏನ್ರಯ್ಯಾ, ಕರೆಂಟ್ ಹೋಯ್ತಾ?" ಈ ಪಾಠದಲ್ಲಿ ನನ್ನ ಕೈ ಎಷ್ಟು ಪಳಗಿತ್ತೆಂದರೆ, ನಿದ್ದೆಯಲ್ಲಿ ಹೆಂಡತಿಯ ಗೊರಕೆ ಏರಿದರೆ ಕೈ ತಾನಾಗಿ ಹೋಗಿ ಅವಳ ಮೂಗು ತಿರುಗಿಸುತ್ತಿತ್ತು.

ಈ ಎರಡನೇ ಪಾಠ ಸೋತದ್ದು ಒಂದೇ ಸಲ, ತೊಂಬತ್ತನೇ ಇಸವಿಯಲ್ಲಿ, ಕುಣಿಗಲ್ಲಿನಲ್ಲಿ. ಅಲ್ಲಿನ ಕುದುರೆ ಡಾಕ್ಟರು ಸದಾಶಿವಯ್ಯನವರು ಮಗಳ ಮದುವೆಗೆ ನಮ್ಮ ಸೆಟ್ ಹಾಕಿಸಿದ್ದರು. ಕುದುರೆ ವೈದ್ಯ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದವರು. ಬರುವಾಗ ಒಂದು ಟ್ರಂಕಿನ ತುಂಬ ಅಲ್ಲಿನ ವಾದ್ಯವೃಂದದ ರೆಕಾರ್ಡುಗಳನ್ನು ತಂದಿದ್ದರು. ನೂರು ಜನ ಒಟ್ಟಿಗೆ ಕೂತು ಪಿಟೀಲು, ಕೊಳಲು, ತುತ್ತೂರಿ, ನಗಾರಿ ಬಾರಿಸುವ ಸಂಗೀತ. ಹಾಡಿಲ್ಲ, ಮಾತಿಲ್ಲ. ಊಟದ ಹೊತ್ತಿಗೆ ಒಂದು ಹಾಕಿ ಅಂದರು. ಹಾಕಿದೆವು. ಸ್ವಲ್ಪ ಹೊತ್ತಿಗೆ ಆ ನೂರು ಜನರಲ್ಲಿ ಎಲ್ಲರೂ ಸುಮ್ಮನಾಗಿ ಒಬ್ಬನೇ ಒಬ್ಬ ಕೊಳಲಿನಲ್ಲಿ ಉಸಿರು ಬಿಡತೊಡಗಿದ. "ಕರೆಂಟ್ ಹೋಯ್ತು!" ಅಂತ ಪಂಕ್ತಿಯಿಂದ ಕೂಗೆದ್ದಿತು. ಅಣ್ಣ ಎತ್ತಿದ. ಇನ್ನೂ ಎತ್ತಿದ. ನಾಬು ತುದಿ ಮುಟ್ಟಿತು. ಅಷ್ಟರಲ್ಲಿ ಆ ನೂರು ಜನವೂ ಒಟ್ಟಿಗೆ ಎದ್ದು ಮೇಲೆ ಬಿದ್ದರು. ಅದುಮಲು ಸಮಯವೇ ಸಿಗಲಿಲ್ಲ. ಫೋಟೋ ತೆಗೆಯಲೆಂದು ಕುದುರೆ ಮೇಲೆ ಕೂರಿಸಿದ್ದ ಮದುವೆ ಗಂಡನ್ನು ಹೊತ್ತುಕೊಂಡು ಕುದುರೆ ಓಡಿತು. ಹುಲಿಯೂರುದುರ್ಗದಲ್ಲಿ ನಮ್ಮ ಅತ್ತಿಗೆಯ ತವರಿನವರು ಹಿಡಿದು, ಇಬ್ಬರಿಗೂ ಮಜ್ಜಿಗೆ ಕುಡಿಸಿ ವಾಪಸು ಕಳಿಸಿದರು. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ನೋಡಿದ್ರಾ, ಎಂಥಾ ಸಂಗೀತ!" ಅಂದರು.

ಮಾರನೇ ವರ್ಷ ನಮ್ಮ ಮನೆ ಭಾಗವಾಯಿತು. ನ್ಯಾಯ ಹೇಳಿದವರು ಊರಿನ ಹಿರಿಯರು ಚಿಕ್ಕಮಾರಯ್ಯನವರು. ತೋಟ, ಹೊಲ, ಎಮ್ಮೆ ಹಂಚಿದ ಮೇಲೆ ಮೈಕ್ ಸೆಟ್ಟಿಗೆ ಬಂದರು. ರೆಕಾರ್ಡ್ ಪ್ಲೇಯರ್ ದೊಡ್ಡವನಿಗೆ, ಆಂಪ್ಲಿಫೈಯರೂ ಹಾರ್ನೂ ಚಿಕ್ಕವನಿಗೆ. ಅಂಗಡಿಯ ವಿಷಯದಲ್ಲಿ ಗಡ್ಡ ಕೆರೆದುಕೊಂಡು ತೀರ್ಪು ಕೊಟ್ಟರು:

"ಇರೋದೇ ಒಂದು ಕ್ವಾಣೆ, ಅದನ್ನ ಸೀಳಕ್ಕಾಯ್ತದಾ? ದೊಡ್ಡೋನ್ಗಿರ್ಲಿ. ಅದ್ರಾಗೆ ಸೌಂಡ್ ಇರೋಗಂಟ ಅವನ ಮನೇದು. ಸೌಂಡ್ ನಿಂತ ದಿನ ಚಿಕ್ಕೋನ್ದು. ಎದ್ದೇಳ್ರಿ, ಊಟಕ್ಕೆ."

ನಾನು ರಸ್ತೆ ದಾಟಿ ಎದುರುಗಡೆ ಬಾಡಿಗೆಗೆ ಒಂದು ಮಳಿಗೆ ಹಿಡಿದೆ. ಅಣ್ಣನಿಗೆ ಹಾಡಿತ್ತು, ಬಾಯಿಲ್ಲ. ನನಗೆ ಬಾಯಿತ್ತು, ಹಾಡಿಲ್ಲ. ಅವನಿಗೆ ಮದುವೆ ಸಿಕ್ಕರೆ ನನ್ನ ಹಾರ್ನು ಕೇಳಲು ಬರುವನು. ನನಗೆ ಸಿಕ್ಕರೆ ಅವನ ಪ್ಲೇಯರ್ ಕೇಳಲು ನಾನು ಹೋಗುವೆನು. ಭಾಗವಾಗುವ ಮೊದಲು ಇಷ್ಟು ಸಲ ನಾವು ಮುಖ ನೋಡಿರಲಿಲ್ಲ.

ತೊಂಬತ್ತನಾಲ್ಕರಲ್ಲಿ ಅಣ್ಣ ತೀರಿಕೊಂಡ. ಆ ದುಃಖದ ಬಗ್ಗೆ ತಮಾಷೆ ಮಾಡುವುದಿಲ್ಲ. ಆದರೆ ತಿಥಿ ಮುಗಿದ ಮಾರನೇ ಬೆಳಿಗ್ಗೆ, ಅಂಗಡಿಗೆ ಯಾವ ಬಣ್ಣ ಬಳಿಸಲಿ ಅಂತ ನಾನು ಕಾಫಿ ಕುಡಿಯುತ್ತ ಯೋಚಿಸುತ್ತಿರುವಾಗ, ರಸ್ತೆಯ ಆಚೆಯಿಂದ ದೇವರ ಹಾಡು ಶುರುವಾಯಿತು. ಓಡಿಹೋಗಿ ನೋಡಿದರೆ ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಣ್ಣ ಕೊನೇ ಮದುವೆಗೆಂದು ನನ್ನಿಂದ ಒಯ್ದಿದ್ದ ಆಂಪ್ಲಿಫೈಯರಿನ ನಾಬಿನ ಮೇಲೆ ಕೈಯಿಟ್ಟು ಕೂತಿದ್ದಾಳೆ.

"ಏನತ್ತಿಗೆ ಇದು?"

"ಸೌಂಡು."

ಆಮೇಲೆ ಒಂದು ಎಮ್ಮೆ ಮಾರಿ ತನ್ನದೇ ಆಂಪ್ಲಿಫೈಯರ್ ತಂದಳು. ಬಾಗಿಲ ಮೇಲೆ ಒಂದು ಹಾರ್ನು ಬಿಗಿಸಿದಳು. ಅದರ ಬಾಯಿ ಪೂರ್ವಕ್ಕಿರಬಹುದಿತ್ತು, ದಕ್ಷಿಣಕ್ಕಿರಬಹುದಿತ್ತು. ಸರಿಯಾಗಿ ನನ್ನ ಗಲ್ಲಾಪೆಟ್ಟಿಗೆ ಕಡೆಗೇ ಇತ್ತು. ದಿನಾ ಬೆಳಿಗ್ಗೆ ಒಂದು ದೇವರ ಹಾಡು, ಅಂಗಡಿ ಇನ್ನೂ ತನ್ನದು ಅನ್ನುವುದಕ್ಕೆ ರಸೀದಿಯ ಹಾಗೆ. ಹಾರ್ನು ಕಟ್ಟಲು ತೆಂಗಿನ ಮರಕ್ಕೆ ಏಣಿ ಹಾಕಿ ತಾನೇ ಹತ್ತುತ್ತಿದ್ದಳು. ನೋಡಲು ಜನ ಸೇರುತ್ತಿದ್ದರು. ನಾನು ಹತ್ತಿದಾಗ ನನ್ನ ಹೆಂಡತಿಯೂ ತಲೆಯೆತ್ತಿ ನೋಡಿದವಳಲ್ಲ. ಮದುವೆಮನೆಯಲ್ಲಿ ಮಕ್ಕಳು ಕಳೆದುಹೋದರೆ ಮೈಕ್ ಆರಿಸಿ ಬಾಯಲ್ಲೇ ಕೂಗುತ್ತಿದ್ದಳು. ಕಳೆಯದೇ ಇದ್ದ ಮಕ್ಕಳೂ ಹೆದರಿ ಬಂದು ನಿಲ್ಲುತ್ತಿದ್ದರು. "ಸೆಟ್ ಹಾಕಿಸಿದ್ರೆ ರೇವಕ್ಕಂದೇ ಹಾಕುಸ್ಬೇಕು" ಅನ್ನುವುದು ಗಾದೆಯಾಯಿತು. ಇದನ್ನೆಲ್ಲ ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಆದದ್ದು ಆದ ಹಾಗೆ ಹೇಳುತ್ತಿದ್ದೇನೆ.

ದೇವರು ಒಬ್ಬನಿದ್ದಾನೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಆರ್ಕೆಸ್ಟ್ರಾದವರು ತಮ್ಮ ತಮ್ಮ ಬಾಕ್ಸುಗಳನ್ನು ಲಾರಿಯಲ್ಲಿ ಹೇರಿಕೊಂಡು ಬರತೊಡಗಿದರು. ಕಲ್ಯಾಣಮಂಟಪಗಳಲ್ಲಿ ಗೋಡೆಯೊಳಗೇ ಸ್ಪೀಕರು ಬಂದವು. ರೆಕಾರ್ಡು ಕೇಳುವವರಿಲ್ಲ, ಹಾರ್ನು ಕರೆಯುವವರಿಲ್ಲ. ನಾನು ಬುದ್ಧಿವಂತ, ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಇಳಿದೆ. ಅತ್ತಿಗೆಗೆ ಉಳಿದದ್ದು ಬೆಳಗಿನ ದೇವರ ಹಾಡೊಂದೇ. ಆ ಹಾಡೂ ನಿಂತರೆ ಅಂಗಡಿ ನನ್ನದು. ಅಲ್ಲೊಂದು ಜೆರಾಕ್ಸ್ ಮೆಷೀನು, ಪಕ್ಕದಲ್ಲಿ ಮೊಬೈಲ್ ಕರೆನ್ಸಿ ಅಂತ ನಾನು ಮನಸ್ಸಿನಲ್ಲೇ ಬೋರ್ಡು ಬರೆಸಿ, ಲೈಟು ಹಾಕಿಸಿ, ಉದ್ಘಾಟನೆಗೆ ಯಾರನ್ನು ಕರೆಯಬಾರದು ಅನ್ನುವವರೆಗೂ ತೀರ್ಮಾನ ಮಾಡಿದ್ದೆ.

ಎರಡು ಸಾವಿರದ ಮೂರರ ದಸರೆಯ ಹೊತ್ತಿಗೆ ಕುಣಿಗಲ್ಲಿನ ಕುದುರೆ ಡಾಕ್ಟರ ಕಾರು ಬಂದು ನನ್ನ ಅಂಗಡಿಯ ಮುಂದೆ ನಿಂತಿತು. ನನ್ನ ಮುಂದೆ! ಎದುರಿನದರ ಮುಂದೆ ಅಲ್ಲ. ಡ್ರೈವರು ಅದೇ ಟ್ರಂಕು ಇಳಿಸಿದ.

"ಗಂಗಣ್ಣ, ಇವಕ್ಕೆಲ್ಲ ಬೂಷ್ಟು ಹಿಡಿಯುತ್ತಿದೆ" ಅಂದರು ಡಾಕ್ಟರು. "ನಿಮ್ಮನೇಲಿ ಕಂಪ್ಯೂಟರ್ ಇದೆಯಂತೆ. ಎಲ್ಲ ರೆಕಾರ್ಡೂ ಸೀಡಿಗೆ ಇಳಿಸಿಕೊಡಿ. ಅವತ್ತು ಮದುವೆಯಲ್ಲಿ ಕೊಳಲು ಒಂದೇ ಉಳಿದ ಜಾಗ ನೆನಪಿದೆಯಾ? ನನ್ನ ಪ್ಲೇಯರಿನ ಗೊರಗೊರದಲ್ಲಿ ಅದು ಕೇಳಿಸದೆ ವರ್ಷಗಳಾದವು. ಅದೊಂದು ಚೆನ್ನಾಗಿ ಬರಲಿ ಸಾಕು. ಬೆಂಗಳೂರು, ಮೈಸೂರಿನಲ್ಲಿ ನನ್ನಂಥ ಹುಚ್ಚರು ಬಹಳ ಜನ ಇದ್ದಾರೆ. ಒಬ್ಬೊಬ್ಬರ ಮನೆಯಲ್ಲೂ ಇಂಥ ಟ್ರಂಕು ಕೊಳೆಯುತ್ತಿದೆ. ನನ್ನದು ಸರಿಯಾಗಿ ಬಂದರೆ ಅವೆಲ್ಲ ಈ ಬೀದಿಗೇ ಬರುತ್ತವೆ."

ಕಂಪ್ಯೂಟರ್ ಇದ್ದದ್ದು ನಿಜ. ನನ್ನ ಸೊಸೆ ಮಾನಸಾ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಮಗನ ಹೆಂಡತಿ, ಕ್ಯಾತ್ಸಂದ್ರದ ಹುಡುಗಿ; ತುಮಕೂರಿನಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾಳೆ, ದಿನಾ ರೈಲಿನಲ್ಲಿ ಹೋಗಿಬರುತ್ತಾಳೆ. ಸೀಡಿ ಬರೆಯುವ ಯಂತ್ರವೂ ಅವಳದರಲ್ಲಿತ್ತು. ಇಲ್ಲದ್ದು ಪ್ಲೇಯರ್ ಒಂದೇ. ಮಾನಸಾಳನ್ನು ಕಳಿಸಿ ಅತ್ತಿಗೆಯಿಂದ ತರಿಸಿಕೊಂಡೆ; ಬೆಳಗಿನ ದೇವರ ಹಾಡನ್ನು ಆಕೆ ಅಷ್ಟು ದಿನ ಮೈಕ್ ಹಿಡಿದು ತಾನೇ ಹಾಡಿದಳು. "ಸೂಜಿ ಜ್ವಾಕೆ ಅಂತ ಹೇಳು ನಿಮ್ಮಾವಂಗೆ" ಅಂದಳಂತೆ. ಅಷ್ಟೇ. ಇಷ್ಟು ದೊಡ್ಡ ಕೆಲಸ ನನಗೆ ಬಂದಿದೆ ಅಂತ ತಿಳಿದೂ ಆಕೆಗೆ ಹೊಟ್ಟೆಕಿಚ್ಚಾಗಲಿಲ್ಲ ಅನ್ನುವುದು ನನಗೆ ಸ್ವಲ್ಪ ಹೊಟ್ಟೆಕಿಚ್ಚು ತರಿಸಿತು ಅಂತ ಬೇಕಾದರೆ ಹೇಳಬಹುದು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮೈಕ್ ಸೆಟ್ಟಿನ ಮನೆಯಲ್ಲಿ ಅವತ್ತು ವಿಭೂತಿ ಕಾಣದ ವಸ್ತುವಿಲ್ಲ. ಟೆಸ್ಟರಿಗೂ ಹಚ್ಚುತ್ತೇವೆ. ಪರರ ವಸ್ತು ಅಂತ ಭೇದ ಮಾಡಬಾರದೆಂದು ಡಾಕ್ಟರ ರೆಕಾರ್ಡುಗಳನ್ನೂ ಒಂದೊಂದಾಗಿ ತೆಗೆದು, ಎರಡೂ ಕಡೆ ಮೂರು ಮೂರು ಪಟ್ಟೆ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟೆ. ಇಂಗ್ಲೆಂಡಿನ ಆ ನೂರು ಜನಕ್ಕೂ ಗುಬ್ಬಿಯಲ್ಲಿ ಒಂದೇ ದಿನ ದೀಕ್ಷೆಯಾಯಿತು.

ಮಾರನೇ ದಿನದಿಂದ ಇಳಿಸಲು ಕೂತೆ. ಪ್ಲೇಯರಿನಿಂದ ನನ್ನ ಆಂಪ್ಲಿಫೈಯರಿಗೆ ತಂತಿ, ಅಲ್ಲಿಂದ ಕಂಪ್ಯೂಟರಿಗೆ ತಂತಿ. ನಾಬು ತಿರುಗಿಸಿದಷ್ಟು ದನಿ ಕಂಪ್ಯೂಟರಿಗೆ ಹೋಗುತ್ತದೆ. ಕೊಳಲು ಬಿತ್ತು, ಎತ್ತಿದೆ. ನಗಾರಿ ಎದ್ದಿತು, ಅದುಮಿದೆ. ಕುಣಿಗಲ್ಲಿನ ಮದುವೆಯಲ್ಲಿ ಅಣ್ಣನ ಕೈ ಎಲ್ಲಿ ತಪ್ಪಿತ್ತೋ ಅಲ್ಲಿ ನನ್ನ ಕೈ ಮೊದಲೇ ಹೋಗಿ ಕಾದು ಕೂತಿತ್ತು. ಮೊದಲಿಂದ ಕೊನೆವರೆಗೂ ತುಂಬಿದ ಕೆರೆಯ ನೀರಿನ ಹಾಗೆ ಒಂದೇ ಮಟ್ಟ. ಜಗತ್ತಿನಲ್ಲಿ ಆ ಸಂಗೀತವನ್ನು ಅಷ್ಟು ಸಮವಾಗಿ ಯಾರೂ ಕೇಳಿರಲಾರರು.

ಡಾಕ್ಟರು ಬಂದು ನನ್ನ ಅಂಗಡಿಯಲ್ಲೇ ಕೂತು ಕೇಳಿದರು. ಅವರ ಮುಖ ಕುಂಟುವ ಕುದುರೆಯನ್ನು ನೋಡುವ ಹಾಗಾಯಿತು.

"ಗಂಗಣ್ಣ, ಈ ಚಟಪಟ ಏನು?"

"ವಿಭೂತಿ ಸಾರ್."

"ಕೊಳಲೆಲ್ಲಿ?"

"ಅಲ್ಲೇ ಐತಲ್ಲ ಸಾರ್. ಎತ್ತಿ ಎತ್ತಿ ನಗಾರಿ ಸಮಕ್ಕೆ ತಂದಿದೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ, ಈ ಸಂಗೀತದಲ್ಲಿ ಬೆಟ್ಟ ಇದೆ, ಕಣಿವೆ ಇದೆ. ಸೊಗಸೆಲ್ಲ ಇರುವುದೇ ಅದರಲ್ಲಿ. ನೀವು ಬುಲ್ಡೋಜರ್ ಬಿಟ್ಟು ಸೈಟು ಮಾಡಿಟ್ಟಿದ್ದೀರಿ." ಇಷ್ಟು ಹೇಳಿ ಡ್ರೈವರಿಗೆ ಕಣ್ಸನ್ನೆ ಮಾಡಿದರು. ಟ್ರಂಕು ರಸ್ತೆ ದಾಟಿತು. ಹಿಂದೆಯೇ ಪ್ಲೇಯರೂ ದಾಟಿತು. ಸಂಜೆ ಮಾನಸಾ ತುಮಕೂರಿನಿಂದ ಬಂದವಳು ಕಂಪ್ಯೂಟರಿಗೆ ಬೆಡ್‌ಶೀಟ್ ಸುತ್ತತೊಡಗಿದಳು.

"ಎಲ್ಲಿಗಮ್ಮ?"

"ದೊಡ್ಡತ್ತೆಗೆ ಸ್ವಲ್ಪ ತೋರ್ಸ್‌ಕೊಟ್ಟು ಬರ್ತೀನಿ ಮಾವ."

ಟ್ರಂಕು, ಪ್ಲೇಯರ್, ಕಂಪ್ಯೂಟರ್, ಸೊಸೆ. ನನ್ನ ಮನೆಯಲ್ಲಿ ಇನ್ನು ರಸ್ತೆ ದಾಟದೆ ಉಳಿದದ್ದು ನಾನೂ ನನ್ನ ಹೆಂಡತಿಯೂ. ಅವಳ ಬಗ್ಗೆಯೂ ನನಗೆ ಭರವಸೆಯಿರಲಿಲ್ಲ.

ಅತ್ತಿಗೆ ಮೊದಲು ಮಾಡಿದ ಕೆಲಸ ತೊಳೆಯುವುದು. ಅಂಟುವಾಳದ ಕಾಯಿ ನೆನೆಸಿ ನೊರೆ ತೆಗೆದು, ಹಳೇ ಮಲ್ಲು ಸೀರೆಯ ತುಂಡಿನಿಂದ ಒಂದೊಂದು ರೆಕಾರ್ಡನ್ನೂ ಹಸುಗೂಸಿನ ಬೆನ್ನು ಒರೆಸುವ ಹಾಗೆ ಒರೆಸಿ, ಅಂಗಡಿಯ ಜಗಲಿ ಮೇಲೆ ನೆರಳಲ್ಲಿ ಸಾಲಾಗಿ ಒಣಗಿಟ್ಟಳು. ಹೋಗಿಬರುವವರು ನಿಂತು ನೋಡಿದರು.

"ಏನ್ ರೇವಕ್ಕ, ಹಪ್ಪಳ ಕರ್ರಗವೆ?"

"ಇಂಗ್ಲಿಷ್ ಹಪ್ಪಳ ಕಣೋ. ಕಿವೀಲಿ ತಿನ್ನೋವು."

ಬೀದಿಯೆಲ್ಲ ನಕ್ಕಿತು. ನಾನು ಆಡುವ ಮಾತಿಗೆ ಈ ಬೀದಿ ಎಂದೂ ಹಾಗೆ ನಕ್ಕಿಲ್ಲ.

ಆದರೆ ಇಳಿಸಲು ಕೂತಾಗ ಆಕೆಗೂ ಅದೇ ಗತಿಯಾಯಿತು. ಊಟಕ್ಕೆ ಕೂತಾಗ ಮಾನಸಾ ಹೇಳಿದಳು: "ದೊಡ್ಡತ್ತೆ ಕೈನೂ ನಿಮ್ ಕೈ ಥರಾನೇ ಮಾವ. ಬೇಡ ಬೇಡ ಅಂತ ಬಾಯಲ್ಲಿ ಹೇಳ್ತಾ ಇರ್ತಾರೆ, ಕೊಳಲು ಬಂದ ತಕ್ಷಣ ಕೈ ಹೋಗಿ ನಾಬ್ ತಿರುಗ್ಸಿಬಿಡುತ್ತೆ. ಸೆರಗಲ್ಲಿ ಕಟ್ಟಿ ಹಾಕಿದ್ರೂ ಬಿಚ್ಕೊಳ್ತು." ಅವತ್ತು ನಾನು ಒಂದು ಮುದ್ದೆ ಹೆಚ್ಚಿಗೆ ಉಂಡೆ. ಡಾಕ್ಟರು ಟ್ರಂಕು ವಾಪಸು ತೆಗೆದುಕೊಂಡು ಹೋಗುವ ದಿನ ದೂರವಿಲ್ಲ. ಟ್ರಂಕು ಹೋದರೆ ಅಂಗಡಿಯಲ್ಲಿ ಉಳಿದದ್ದೂ ಹೋದ ಹಾಗೆ.

ಅವರೆಕಾಯಿ ಕಾಲ ಬಂತು. ದಿನಾ ಸಂಜೆ ಮಾನಸಾ ಅತ್ತಿಗೆಯ ಕಡೆಯಿಂದ ಹಿತುಕಿದ ಬೇಳೆ ಸಾರು ತರತೊಡಗಿದಳು. ಒಂದು ದಿನವಲ್ಲ, ಎರಡು ದಿನವಲ್ಲ, ದಿನಾ. ಅಂಗಡಿ ಕೈಬಿಡುವ ಕಾಲಕ್ಕೆ ಮೈದುನನನ್ನು ಒಲಿಸಿಕೊಳ್ಳುತ್ತಿದ್ದಾಳೆ ಅಂತ ನಾನು ಲೊಟ್ಟೆ ಹೊಡೆದುಕೊಂಡು ಉಂಡೆ. ಅದೇ ಸಮಯಕ್ಕೆ ಇನ್ನೊಂದು ವಿಶೇಷ ನಡೆಯಿತು: ಬೆಳಗಿನ ದೇವರ ಹಾಡು ನಿಂತಿತು. ಮೊದಲ ದಿನ ಕರೆಂಟಿಲ್ಲ ಅಂದುಕೊಂಡೆ. ಎರಡನೇ ದಿನ ನನ್ನ ಫ್ಯಾನು ತಿರುಗುತ್ತಿತ್ತು, ಆಚೆ ಕಡೆ ಮಾತ್ರ ಸದ್ದಿಲ್ಲ. ಬಾಗಿಲು ಅರ್ಧ ಮುಚ್ಚಿದೆ. ಮೂರನೇ ದಿನವೂ ಅಷ್ಟೇ. ನಾನು ನನ್ನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಆ ಮೌನವನ್ನು ಕಛೇರಿ ಕೇಳುವ ಹಾಗೆ ತಲೆದೂಗುತ್ತ ಕೇಳಿದೆ.

ವಾರ ಕಳೆದ ಮೇಲೆ ಚಿಕ್ಕಮಾರಯ್ಯನವರ ಮನೆಗೆ ಹೋದೆ. ಅವರಿಗೆ ಆಗ ಎಷ್ಟು ವಯಸ್ಸಾಗಿತ್ತೆಂದರೆ ಅವರ ಊರುಗೋಲಿಗೇ ಒಂದು ಊರುಗೋಲು ಬೇಕಾಗಿತ್ತು. ಕಿವಿಯಂತೂ ಪಕ್ಕದಲ್ಲಿ ಪಟಾಕಿ ಹೊಡೆದರೆ "ಯಾರದು ಪಿಸುಗುಟ್ಟೋದು?" ಅನ್ನುವಷ್ಟು.

"ಯಜಮಾನ್ರೇ, ಸೌಂಡ್ ನಿಂತೈತೆ!" ಅಂತ ಕಿವಿಯೊಳಗೆ ಕೂಗಿದೆ.

"ಯಾರ್ದು, ನಂದಾ?"

"ಅಂಗಡೀದು! ನೀವೇ ನ್ಯಾಯ ಹೇಳಿದ್ರಲ್ಲ. ಬಂದು ನೋಡಿ!"

ಕರೆತಂದು ಅತ್ತಿಗೆಯ ಅಂಗಡಿಯ ಜಗಲಿ ಮೇಲೆ, ಸರಿಯಾಗಿ ಹಾರ್ನಿನ ಕೆಳಗೆ ಕೂರಿಸಿದೆ. ಸಾಕ್ಷಿಗೆ ಅವರಿದ್ದರು, ಅಳತೆಗೆ ನನ್ನ ಜೇಬಿನಲ್ಲಿ ಟೇಪಿತ್ತು. ಜೆರಾಕ್ಸ್ ಮೆಷೀನು ಬಾಗಿಲಲ್ಲಿ ಹಿಡಿಸಬೇಕಲ್ಲ.

ಒಳಗೆ ಹೋಗಿ ನೋಡಿದರೆ ಅತ್ತಿಗೆ ಮಣೆ ಮೇಲೆ ಕೂತಿದ್ದಾಳೆ. ಸೆರಗಿನ ಮೇಲೆ ಹೆಡ್‌ಫೋನು. ಮುಂದೆ ನೆನೆಸಿದ ಅವರೆಕಾಳಿನ ದೊಡ್ಡ ಬೇಸಿನ್ನು. ಎರಡು ಕೈಯೂ ಮಣಿಕಟ್ಟಿನವರೆಗೆ ನೀರಲ್ಲಿ. ಕಣ್ಣು ಮುಚ್ಚಿಕೊಂಡು ಕಾಳು ಹಿಸುಕುತ್ತಿದ್ದಾಳೆ. ಸಿಪ್ಪೆಯಿಂದ ಬೇಳೆ ಪುಚಕ್ ಪುಚಕ್ ಅಂತ ಹಾರಿ ಬೀಳುತ್ತಿದೆ. ಮೇಜಿನ ಮೇಲೆ ಪ್ಲೇಯರ್ ತಿರುಗುತ್ತಿದೆ, ಸೂಜಿ ಕೂತಿದೆ. ಕಂಪ್ಯೂಟರಿನ ಪರದೆಯಲ್ಲಿ ಹಸಿರು ಗೆರೆ ಸತ್ತ ಹಾವಿನ ಹಾಗೆ ಉದ್ದಕ್ಕೆ ಮಲಗಿದೆ. ಸದ್ದೆಂಬುದಿಲ್ಲ. ನನ್ನ ಎದೆ ಹಿಗ್ಗಿತು.

"ಅತ್ತಿಗೆ! ಸೌಂಡ್ ನಿಂತೋಯ್ತು!"

ಆಕೆಗೆ ಕೇಳಿಸಲಿಲ್ಲ. ಹೊರಗಿನಿಂದ ಚಿಕ್ಕಮಾರಯ್ಯನವರು, "ಏನಾಯ್ತ್ಲಾ? ನಂಗೇನೂ ಕೇಳಾಕಿಲ್ಲ" ಅಂದರು. ಅವರಿಗೆ ಕೇಳದಿರುವುದು ಸಾಕ್ಷಿಯಾಗುವುದಿಲ್ಲ. ಹೆಡ್‌ಫೋನಿನ ಪಿನ್ನು ಕಿತ್ತರೆ ದನಿ ಸೀದಾ ಹಾರ್ನಿಗೆ ಹೋಗುತ್ತದೆ. ಹಾರ್ನಿನಲ್ಲೂ ಏನೂ ಬರುವುದಿಲ್ಲ ಅಂತ ಬೀದಿಗೆಲ್ಲ ತೋರಿಸಿಬಿಡೋಣ ಅಂತ ಪಿನ್ನು ಕಿತ್ತೆ. "ನೋಡಿ ಯಜಮಾನ್ರೇ, ಏನೂ ಇಲ್ಲ!" ಅಂದೆ.

ಏನೂ ಇರಲಿಲ್ಲ. ಅಲ್ಲ, ಏನೋ ಇತ್ತು. ದೂರದಲ್ಲಿ ಯಾರೋ ಉಸಿರು ಬಿಟ್ಟ ಹಾಗೆ, ತೆಳ್ಳಗೆ, ಒಂದು ಕೊಳಲು.

ಇಲ್ಲಿಂದ ಮುಂದೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ, ನನ್ನ ಕೈ ಜವಾಬ್ದಾರ. "ಬಿದ್ದೈತೆ" ಅಂತ ಕೈ ತಾನೇ ಅಂದುಕೊಂಡಿತು, ತಾನೇ ಎದ್ದು ಹೋಗಿ ನಾಬು ಹಿಡಿಯಿತು. ಎತ್ತಿತು. ಕಿವಿಯಲ್ಲಿ ಕೊಳಲು ನಿಂತದ್ದಕ್ಕೆ ಅತ್ತಿಗೆ ಕಣ್ಣು ಬಿಟ್ಟಳು. ನಾಬಿನ ಮೇಲೆ ನನ್ನ ಕೈ ಕಂಡಿತು. ಹಾರಿ ತಡೆಯೋಣವೆಂದರೆ ಆಕೆಯ ಎರಡೂ ಕೈಯಿಂದ ನೀರು ಸೋರುತ್ತಿದೆ. ಅಣ್ಣನ ಮೊದಲ ಪಾಠ.

"ಬ್ಯಾಡ ಕಣೋ! ಈಗ ಬರ್ತೈತೆ!"

ಅಷ್ಟರಲ್ಲಿ ನಾಬು ತುದಿ ಮುಟ್ಟಿತ್ತು. ಅಷ್ಟರಲ್ಲಿ ಆ ನೂರು ಜನವೂ ಎದ್ದರು.

ಗುಬ್ಬಿಯಲ್ಲಿ ಅದಕ್ಕೂ ಮೊದಲು ಅಂಥ ಸದ್ದು ಆಗಿರಲಿಲ್ಲ, ಇನ್ನು ಆಗುವುದೂ ಇಲ್ಲ. ಅಡಿಕೆ ಮಂಡಿಯಲ್ಲಿ ಹೊಲಿದಿಟ್ಟ ಮೂಟೆಗಳು ತಾವಾಗಿ ಬಾಯಿ ಬಿಟ್ಟವು. ತುಮಕೂರು ಬಸ್ಸಿನ ಡ್ರೈವರು ಆರೂ ಟೈರು ಸಿಡಿದವೆಂದು ಬಸ್ಸು ನಿಲ್ಲಿಸಿ ಇಳಿದು ಎಣಿಸಿದ. ಸ್ಕೂಲಿನ ಸೂರಿನ ಪಾರಿವಾಳಗಳು ಹೆದರಿ ಕ್ಯಾತ್ಸಂದ್ರದವರೆಗೂ ಹಾರಿ, ದಣಿದು, ಸಂಜೆ ರೈಲಿನಲ್ಲಿ ವಾಪಸು ಬಂದವು. ಮರದಲ್ಲಿದ್ದ ಎಳನೀರು ಒಂದೇ ಏಟಿಗೆ ಕೊಬ್ಬರಿಯಾಯಿತು. ಹಾರ್ನಿನ ಕೆಳಗಿದ್ದ ಚಿಕ್ಕಮಾರಯ್ಯನವರ ಕೋಲು ರಸ್ತೆಯ ಆಚೆ ನನ್ನ ಅಂಗಡಿಯಲ್ಲಿ ಹೋಗಿ ಬಿತ್ತು. ಅವರು ಕೋಲಿಲ್ಲದೆ ಎದ್ದು ನಿಂತಿದ್ದರು.

"ಸೌಂಡ್ ಐತಲ್ಲೋ ಬಡ್ಡೀಮಗನೇ!" ಅಂತ ಕೂಗಿದರು. ಮುಖದಲ್ಲಿ ಮಗುವಿನ ಸಂತೋಷ. "ನಂಗೇ ಕೇಳುಸ್ತಲ್ಲೋ! ನಿಂತೈತೆ ಅಂತೀಯಲ್ಲ, ಇದನ್ನ ನಿಲ್ಸಾಕೆ ಪೊಲೀಸ್ನೋರೇ ಬರ್ಬೇಕು! ಅಂಗಡಿ ಅವಳ್ದೇ ಕಣ್ಲಾ. ನಂಗೇ ಕೇಳ್ತು ಅಂದ್ರೆ ಏಳು ತಲೆಮಾರಿಗೂ ಅವಳ್ದೇ!"

ಬೀದಿಗೆ ಬೀದಿಯೇ ಬಂದು ನಿಂತು ಆ ತೀರ್ಪು ಕೇಳಿತು. ನನ್ನ ಜೇಬಿನಿಂದ ಅಳತೆ ಟೇಪು ಇಣುಕುತ್ತಿತ್ತು. ಒಳಗೆ ತಳ್ಳಿಕೊಂಡೆ.

ಅತ್ತಿಗೆ ಸೆರಗಿಗೆ ಕೈ ಒರೆಸಿ, ಚೆನ್ನಾಗಿ ಒಣಗಿತೆಂದು ನೋಡಿಕೊಂಡು, ಆಮೇಲೆ ಸೆಟ್ ಆರಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಮಣೆ ನನ್ನ ಕಡೆ ನೂಕಿದಳು.

"ಈ ಸೈಡು ಮತ್ತೆ ಮೊದ್ಲಿಂದ ತುಂಬ್ಬೇಕು. ಕೂತ್ಕೋ. ಕೈ ಅದ್ದು."

"ನಾನ್ಯಾಕೆ?"

"ನಿನ್ನ ಕೈ ಎಲ್ಲೈತೆ ಅಂತ ನಂಗೆ ಗೊತ್ತಿರ್ಬೇಕು. ಅದಕ್ಕೆ." ಬೇಸಿನ್ನಿಗೆ ಇನ್ನೊಂದು ಚೊಂಬು ನೀರು ಸುರಿದಳು. "ನಿಮ್ಮಣ್ಣನ ಕೈ ನಂಗೂ ಅಂಟ್ಕಂಡೈತೆ ಕಣೋ. ಸೆರಗಲ್ಲಿ ಕಟ್ಟಿದೆ, ನಿಲ್ಲಲಿಲ್ಲ. ಬೆನ್ನ ಹಿಂದೆ ಇಟ್ಕಂಡೆ, ಮುಂದಕ್ಕೆ ಬಂತು. ಒಂದಿನ ಅವರೆಕಾಳು ಹಿಸುಕ್ತಾ ಕೂತಿದ್ದೆ, ಕೊಳಲು ಬಂತು, ಕೈ ಎದ್ದಿತು, ನೀರು ಸೋರೋದು ನೋಡಿ ತಾನೇ ವಾಪಸ್ ಹೋಯ್ತು. ಅವರ ಒಂದು ಪಾಠ ಬುಡ್ಸಕ್ಕೆ ಅವರದೇ ಇನ್ನೊಂದು ಪಾಠ ಬೇಕಾಯ್ತು."

ದಿನಾ ಹಿತುಕಿದ ಬೇಳೆ ಸಾರು ಯಾಕೆ ಬರುತ್ತಿತ್ತು, ಬೆಳಗಾದರೆ ಹೆಡ್‌ಫೋನು ಸಿಕ್ಕಿಸಿ ಕೂರುವವಳು ದೇವರ ಹಾಡು ಯಾಕೆ ಮರೆತಿದ್ದಳು ಅನ್ನುವುದು ಆಗ ನನಗೆ ಹೊಳೆಯಿತು. ಇಂಗ್ಲೆಂಡಿನವರು ಬಾರಿಸಿದ್ದನ್ನೆಲ್ಲ ನಾನು ಇಷ್ಟು ದಿನ ಮುದ್ದೆಯಲ್ಲಿ ಅದ್ದಿಕೊಂಡು ನುಂಗಿದ್ದೆ.

ಹೆಡ್‌ಫೋನು ತಂದು ನನ್ನ ತಲೆಗೆ ಸಿಕ್ಕಿಸಿದಳು. ಸೂಜಿ ಇಳಿಸಿ ತಾನೂ ಎದುರಿಗೆ ಕೂತು ಬೇಸಿನ್ನಿಗೆ ಕೈ ಹಾಕಿದಳು. ಕೊಳಲು ಬಂತು. ಅಣ್ಣ ಸೂಜಿ ಇಡುವ ಮೊದಲು ರೆಕಾರ್ಡಿನ ಮೇಲಿನ ಧೂಳಿಗೆ ಮೆಲ್ಲಗೆ ಉಸಿರೂದುತ್ತಿದ್ದ, ಆ ಥರ. ನೀರಿನೊಳಗೆ ನನ್ನ ಕೈ ಚಡಪಡಿಸಿತು. ಹಿಡಿದಿದ್ದ ಕಾಳಿನಿಂದ ಬೇಳೆ ಸಿಡಿದು ಹೋಗಿ ತೊಲೆಗೆ ಅಂಟಿತು. ಆದರೆ ಎತ್ತಲಿಲ್ಲ. ಕೊಳಲು ಇನ್ನೂ ಸಣ್ಣಗಾಯಿತು, ಇಲ್ಲವೇ ಇಲ್ಲ ಅನ್ನುವಷ್ಟಾಯಿತು, ಆದರೂ ಇತ್ತು. ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಹೇಳಿದರೆ ರಸ್ತೆಯ ಆಚೆ ಕೇಳಿಸಿಬಿಡುತ್ತದೆ.

ಡಾಕ್ಟರು ಬಂದು ಸೀಡಿ ಕೇಳಿದ ದಿನ ನಾನು ನನ್ನ ಅಂಗಡಿಯಿಂದಲೇ ನೋಡುತ್ತಿದ್ದೆ. ಕೇಳಿ ಮುಗಿದ ಮೇಲೂ ಬಹಳ ಹೊತ್ತು ಹೆಡ್‌ಫೋನು ತೆಗೆಯಲಿಲ್ಲ. ಆಮೇಲೆ ಅತ್ತಿಗೆಗೆ ಕೈಮುಗಿದು ಕಾರು ಹತ್ತಿದರು. ನಾನು ಎದ್ದು ನಿಂತು ನಮಸ್ಕಾರ ಮಾಡಿದೆ. ಕಾರಿನ ಗಾಜು ಏರಿತ್ತು.

ಟ್ರಂಕುಗಳು ಬರತೊಡಗಿದವು. ಬೆಂಗಳೂರಿನಿಂದ, ಮೈಸೂರಿನಿಂದ, ಮಡಿಕೇರಿಯಿಂದ. ಅತ್ತಿಗೆಯ ಜಗಲಿಗೆ ಜಾಗ ಸಾಲದೆ ಕಾರುಗಳು ನನ್ನ ಅಂಗಡಿಯ ಮುಂದೆ ನಿಲ್ಲುತ್ತವೆ, ಇಳಿದವರು, "ರೇವಮ್ಮನವರ ಅಂಗಡಿ ಎಲ್ಲಿ?" ಅಂತ ನನ್ನನ್ನೇ ಕೇಳುತ್ತಾರೆ. ಮೊದಮೊದಲು ತಿಪಟೂರಿನ ದಾರಿ ತೋರಿಸುತ್ತಿದ್ದೆ. ಬೆಳಗಿನ ದೇವರ ಹಾಡು ಮತ್ತೆ ಶುರುವಾಗಿದೆ. ಅವರೆ ಕಾಲ ಮುಗಿದರೆ ಆಕೆ ಹುಣಸೆಹಣ್ಣು ಕಿವುಚುತ್ತಾಳೆ. ಅದೂ ಇಲ್ಲದಿದ್ದರೆ ಬರೀ ನೀರಿಗೆ ಕೈ ಅದ್ದಿ ಕೂರುತ್ತಾಳೆ. ಮಾನಸಾ ರೈಲಿಳಿದರೆ ಮೊದಲು ಆ ಕಡೆ, ಆಮೇಲೆ ಈ ಕಡೆ. ನನ್ನ ಹೆಂಡತಿಯೂ ಮಧ್ಯಾಹ್ನ ಕಾಳು ಸುಲಿಯುವ ನೆಪದಲ್ಲಿ ಅಲ್ಲಿಗೇ ಹೋಗುತ್ತಾಳೆ, ತಲೆದೂಗಿಕೊಂಡು ಬರುತ್ತಾಳೆ.

ಮೊನ್ನೆ ತಡೆಯಲಾರದೆ ರಸ್ತೆ ದಾಟಿದೆ. ಅತ್ತಿಗೆ ಬೇಸಿನ್ನಿನ ಮುಂದೆ ಕೂತಿದ್ದಳು, ಕಿವಿಗೆ ಹೆಡ್‌ಫೋನು.

"ಅತ್ತಿಗೆ, ನಂಗೇನೂ ಹೊಟ್ಟೆಕಿಚ್ಚಿಲ್ಲ" ಅಂದೆ. "ನಿನ್ನ ಒಳ್ಳೇದಕ್ಕೆ ಹೇಳ್ತೀನಿ ಕೇಳು. ಇದೆಲ್ಲ ಜಾಸ್ತಿ ದಿನ ನಡಿಯಲ್ಲ. ರೆಕಾರ್ಡು ಹೋಯ್ತು, ಕ್ಯಾಸೆಟ್ಟು ಹೋಯ್ತು, ನಾಳೆ ಈ ಸೀಡಿನೂ ಹೋಯ್ತದೆ. ಈ ಟ್ರಂಕಿನೋರ್ನ ನಂಬ್ಕಂಡು ಕೂರ್ಬೇಡ. ನಂಗೇನು, ನನ್ನ ಶಾಮಿಯಾನ ಚೆನ್ನಾಗೇ ನಡೀತೈತೆ. ಹೊಟ್ಟೆಕಿಚ್ಚು ಪಡೋ ಜಾತಿ ಅಲ್ಲ ನಾನು. ಬೇಕಾದ್ರೆ ಊರಲ್ಲಿ ಯಾರನ್ನಾದ್ರೂ ಕೇಳು!"

ಆಕೆ ತಿರುಗಿ ನೋಡಲಿಲ್ಲ. ಕಾಳು ಹಿಸುಕುವುದನ್ನೂ ನಿಲ್ಲಿಸಲಿಲ್ಲ.

"ಎದ್ದೈತೆ ಕಣೋ ಗಂಗಣ್ಣ, ಹೆಡ್‌ಫೋನ್ ಒಳಗಂಟ ಕೇಳುಸ್ತೈತೆ. ಒಸಿ ಅದುಮು."